ಊಟದ ಜೊತೆ ಒಂದು

"ನಮ್ಮನೆಯವರು ಬಂದು ಕೇಳಿದ್ರೆ ಇಲ್ಲ ಅಂದ್ಬಿಡಿ," ಎಂದಳು ಆ ಹೆಂಗಸು. ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಅವರ ಕೈಪಟ್ಟಿಗೆ ಊಟ ಮಾತ್ರ, ಕುಡಿಯೋದು ಸೇರಿಲ್ಲ ಅಂತ. ಅಷ್ಟು ಹೇಳಿದ್ರೆ ಸಾಕು."

ಗ್ಲಾಸು ಒರೆಸುತ್ತಿದ್ದವನು ತಲೆಯೆತ್ತಿ ನೋಡಿದ. ಬೆಳಗಿನ ಹನ್ನೊಂದು ಗಂಟೆ. ಊಟದ ಹಾಲ್ ಇನ್ನೂ ತೆರೆದಿರಲಿಲ್ಲ, ಕುರ್ಚಿಗಳೆಲ್ಲ ಮೇಜುಗಳ ಮೇಲೆ ತಲೆಕೆಳಗಾಗಿ ಕೂತಿದ್ದವು. ರೂಮು, ಊಟ, ನೀರಾಟ ಎಲ್ಲ ಸೇರಿದ ಆ ಮೋಜಿನ ಪಾರ್ಕಿನವರು ಹಾಲನ್ನು ಹಳೇ ಕಾಲದ ಹಡಗಿನ ಹಾಗೆ ಕಟ್ಟಿಸಿದ್ದರು. ಗೋಡೆಗೆ ದುಂಡು ಕಿಟಕಿ, ಸೂರಿಗೆ ಹಗ್ಗದ ಬಲೆ, ಬಾಗಿಲಲ್ಲಿ ಗಂಟೆಗೊಮ್ಮೆ ಢಂ ಎನ್ನುವ ಪ್ಲಾಸ್ಟಿಕ್ ಫಿರಂಗಿ. ಕೆಲಸದವರಿಗೆ ಪಟ್ಟೆ ಅಂಗಿ, ನಾವಿಕರ ಟೋಪಿ. ಇಪ್ಪತ್ತರ ಆಸುಪಾಸಿನವರಿಗೆ ಆ ಟೋಪಿ ಒಪ್ಪುತ್ತಿತ್ತು. ಐವತ್ತೈದು ದಾಟಿದ, ಮಂಡಿನೋವಿನ ಈ ಮನುಷ್ಯನ ತಲೆಯ ಮೇಲೆ ಅದು ಯಾರೋ ತಮಾಷೆಗೆ ಇಟ್ಟು ಮರೆತಂತಿತ್ತು. ಪಾರ್ಕು ಶುರುವಾದ ವರ್ಷದಿಂದ ಈ ಕೌಂಟರಿನಲ್ಲಿ ಪಾನೀಯ ಸುರಿದುಕೊಡುತ್ತಾ ಬಂದವನು ಅವನೊಬ್ಬನೇ ಆದ್ದರಿಂದ ಜೊತೆಯವರ ಬಾಯಲ್ಲಿ ಅವನ ಹೆಸರು ಹಳಬ ಎಂದೇ ಆಗಿಹೋಗಿತ್ತು.

"ಅಲ್ಲಿ ನೋಡಮ್ಮಾ," ಎಂದು ಹಳಬ ಗೋಡೆಯ ಹಲಗೆ ತೋರಿಸಿದ. ಮುಂಗೈಗೆ ಕೆಂಪು ಕೈಪಟ್ಟಿ ಕಟ್ಟಿರುವ ದೊಡ್ಡವರಿಗೆ ಪ್ರತಿ ಊಟದ ಜೊತೆ ಒಂದು, ಬಿಯರ್, ವೈನ್ ಅಥವಾ ಕಾಕ್‌ಟೇಲ್, ಎಂದು ಕುರುಡನಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆದಿತ್ತು. "ಬಾಗಿಲಲ್ಲಿ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳೋದೇ ಅದು. ನಾನು ಇಲ್ಲ ಅಂದ್ರೆ ಯಾರು ನಂಬ್ತಾರೆ?"

"ನೀವು ವಯಸ್ಸಾದೋರು. ನೀವು ಹೇಳಿದ್ರೆ ನಂಬ್ತಾರೆ."

"ಅವರೇ ಜ್ಯೂಸ್ ಸಾಕು ಅನ್ನಬಹುದಲ್ಲ?"

"ನಮ್ಮಪ್ಪ ಬಿಡಬೇಕಲ್ಲ!" ಅವಳ ದನಿ ಒಡೆಯಿತು. "ಈ ಪ್ರವಾಸ ಮಾಡಿಸಿದ್ದೇ ಅಪ್ಪ. ಅಳಿಯಂದ್ರಿಗೆ ಏನೂ ಕಡಿಮೆ ಆಗಬಾರ್ದು, ಕುಡಿಯೋದು ಸೇರಿರೋ ಪ್ಯಾಕೇಜೇ ಬೇಕು ಅಂತ ಹಟ ಹಿಡಿದು ಮಾಡಿಸಿದ್ರು. ಇವರು ಎಂಥ ಕುಡಿತದಲ್ಲಿ ಬಿದ್ದಿದ್ರು ಅಂತ ಅಪ್ಪಂಗೆ ಗೊತ್ತಿಲ್ಲ. ನಾನೇ ಮುಚ್ಚಿಟ್ಟಿದ್ದೆ. ಈಗ ಬಿಟ್ಟು ಏಳು ತಿಂಗಳು. ಏಳು ತಿಂಗಳಿಂದ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾ ಇದೀನಿ. ನಿನ್ನೆ ಬಂದ ತಕ್ಷಣ ತಲೆನೋವು ಅಂತ ರೂಮಲ್ಲಿ ಮಲಗಿಸ್ದೆ. ದಿನಾ ತಲೆನೋವು ಅನ್ನೋಕಾಗುತ್ತಾ? ಇನ್ನೂ ಮೂರು ದಿನ ಇದೆ."

"ನೋಡೋಣಮ್ಮಾ," ಎಂದ ಹಳಬ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಅವನಿಗಿರಲಿಲ್ಲ.

ಇರದಿದ್ದಕ್ಕೆ ಕಾರಣವಿತ್ತು. ಇಲ್ಲಿ ಒಂದು ಸೀಸನ್ನಿನಲ್ಲಿ ಒಬ್ಬನ ಮೇಲೆ ಮೂರು ದೂರು ಬಂದರೆ ಮುಂದಿನ ಸೀಸನ್ನಿಗೆ ಕರೆ ಬರುವುದಿಲ್ಲ. ಅವನ ಮೇಲೆ ಆಗಲೇ ಎರಡಾಗಿದ್ದವು. ಒಂದು, ಒಬ್ಬ ಹುಡುಗಿಯ ವಯಸ್ಸು ಕೇಳಿದನೆಂದು. ಇನ್ನೊಂದು, ಕೊಡುವಾಗ ನಗಲಿಲ್ಲವೆಂದು. ದಿನಕ್ಕೆ ಆರುನೂರು ಜನಕ್ಕೆ ಎಲ್ಲಿಂದ ತಂದು ನಗುವುದು? ಆದರೆ ಈ ವಯಸ್ಸಿನಲ್ಲಿ ಇಲ್ಲಿಂದ ಹೊರಬಿದ್ದರೆ ಬಾ ಎಂದು ಕರೆಯುವವರು ಯಾರೂ ಇರಲಿಲ್ಲ.

ಆ ಹೆಂಗಸು ಹೋದ ಮೇಲೆ ಕೈ ಗ್ಲಾಸು ಒರೆಸುತ್ತಿದ್ದರೂ ಮನಸ್ಸು ಮೂವತ್ತು ವರ್ಷ ಹಿಂದೆ ಹೋಯಿತು. ಆಗ ಅವನು ಬಸ್ ನಿಲ್ದಾಣದ ಎದುರಿನ ಒಂದು ಸಣ್ಣ ಬಾರಿನಲ್ಲಿದ್ದ. ಒಂದು ದಿನ ಅತ್ತಿಗೆ ಹಿಂದಿನ ಬಾಗಿಲಿಗೆ ಬಂದು, "ನಿಮ್ಮಣ್ಣಂಗೆ ಹಾಕಬೇಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದಿದ್ದಳು. "ಕೇಳಿದವರಿಗೆ ಹಾಕೋದು ನನ್ನ ಕೆಲಸ ಅತ್ತಿಗೆ. ನಾನು ಇಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾನೆ," ಎಂದು ಇವನು ಹೇಳಿ ಕಳಿಸಿದ್ದ. ಮಾತು ಸರಿಯಾದದ್ದೇ. ಆದರೆ ಅಣ್ಣ ನಲವತ್ತೊಂದಕ್ಕೇ ಕಣ್ಣು ಮುಚ್ಚಿದ ಮೇಲೆ ಆ ಸರಿಯಾದ ಮಾತು ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಉಳಿದುಹೋಗಿತ್ತು.

ಹನ್ನೆರಡೂವರೆಗೆ ಒಬ್ಬ ಗಂಡಸು ಬಂದ. ಒದ್ದೆ ಚಡ್ಡಿ, ಕಂಕುಳಲ್ಲಿ ಗಾಳಿ ತುಂಬಿದ ಹಳದಿ ಬಾತುಕೋಳಿ, ಮುಂಗೈಯಲ್ಲಿ ಕೆಂಪು ಪಟ್ಟಿ. ಮಗಳನ್ನು ನೀರಾಟದ ಹತ್ತಿರ ಬಿಟ್ಟು ಓಡಿ ಬಂದವನ ಹಾಗಿದ್ದ. ಬಿಯರ್ ನಲ್ಲಿಗಳ ಕಡೆ ಕಣ್ಣು ಹಾಯಿಸದೆ ಹಳಬನ ಟೋಪಿಯನ್ನೇ ನೋಡುತ್ತಾ ನಿಂತ.

"ಇನ್ನೂ ಶುರು ಮಾಡಿಲ್ಲ ಸರ್. ಒಂದು ಗಂಟೆಗೆ."

"ಗೊತ್ತು. ಒಂದು ಗಂಟೆಗೆ ನಮ್ಮ ಮಾವ, ಹೆಂಡತಿ ಜೊತೆ ಬರ್ತೀನಿ. ಮಾವ ನನಗೂ ಸೇರಿಸಿ ಹೇಳ್ತಾರೆ. ನೀವು..." ಬಾತುಕೋಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. "ನೀವು ನನಗೆ ಇಲ್ಲ ಅನ್ನಿ. ಏನಾದ್ರೂ ನೆಪ ಹೇಳಿ. ನನ್ನ ಬಾಯಲ್ಲಿ ಬೇಡ ಅನ್ನೋ ಮಾತು ಹೊರಡುತ್ತೋ ಇಲ್ವೋ ನನಗೇ ಗೊತ್ತಿಲ್ಲ."

ಹಳಬನಿಗೆ ಇವನು ಯಾರೆಂದು ಹೇಳಬೇಕಾಗಿರಲಿಲ್ಲ. "ನಿಮ್ಮ ಮನೆಯವರಿಗೆ ಹೇಳಿದ್ದೀರಾ?" ಎಂದಷ್ಟೇ ಕೇಳಿದ.

"ಅಯ್ಯೋ, ಅವಳಿಗೆ ಮಾತ್ರ ತಿಳಿಸಬೇಡಿ! ನನಗೆ ಆಸೆಯೇ ಸತ್ತುಹೋಗಿದೆ ಅಂತ ನಂಬ್ಕೊಂಡಿದಾಳೆ. ಇನ್ನೂ ಇದೆ ಅಂತ ಗೊತ್ತಾದ್ರೆ ಅವಳ ಎದೆ ಒಡೆದುಹೋಗುತ್ತೆ."

ಹಳಬನಿಗೆ ಆ ಕ್ಷಣ ಹೊಟ್ಟೆಕಿಚ್ಚಾಯಿತು. ಕರುಣೆಯಲ್ಲ, ನಿಜವಾದ ಹೊಟ್ಟೆಕಿಚ್ಚು. ಅಣ್ಣ ಒಂದೇ ಒಂದು ಸಲ ಹೀಗೆ ಬಂದು ಕೇಳಿದ್ದರೆ! ಒಂದು ಸಲ ಕೇಳಿದ್ದರೆ ಇಡೀ ಬಾರಿಗೆ ಬೀಗ ಹಾಕಿ ಅವನ ಜೊತೆ ಹೊರಟುಬಿಡುತ್ತಿದ್ದನೇನೋ.

"ಆಗಲಿ ಸರ್, ಹೋಗಿ," ಎಂದ. "ನನಗೆ ಬಿಡಿ."

ಫಿರಂಗಿ ಢಂ ಎಂದಿತು. ಮಕ್ಕಳು ಕಿರುಚಿದರು. ಹಾಲ್ ಹತ್ತು ನಿಮಿಷದಲ್ಲಿ ಜಾತ್ರೆಯಾಯಿತು. ಮಕ್ಕಳನ್ನು ಆಟ ಆಡಿಸುತ್ತಾ ಉಣಿಸುವ ಬೇರೆ ಮೂಲೆಯೊಂದಿತ್ತು. ಆ ಹಳದಿ ಬಾತುಕೋಳಿಯ ಒಡತಿ ಅತ್ತ ಓಡಿದಳು. ದೊಡ್ಡವರು ಮೂವರು ಕಿಟಕಿ ಪಕ್ಕದ ಮೇಜು ಹಿಡಿದರು. ಮಾವ ಮೂವತ್ತು ವರ್ಷ ಬಸ್ಸು ಓಡಿಸಿದವರಂತೆ. ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು. ಹಳಬ ಹತ್ತಿರ ಹೋಗುವ ಮೊದಲೇ ಹಾಲಿಗೆಲ್ಲ ಕೇಳುವ ಹಾಗೆ, "ಎರಡು ಬಿಯರ್ ತನ್ನಿ! ನನ್ನ ಮಗಳಿಗೆ ಒಂದು ಕಿತ್ತಳೆ ಜ್ಯೂಸು. ಅಳಿಯಂದ್ರೇ, ತಲೆನೋವು ಹೋಯ್ತು ತಾನೇ? ನಿನ್ನೇದೂ ಸೇರಿಸಿ ಕುಡೀರಿ ಇವತ್ತು," ಎಂದರು.

ಹಳಬ ಕೈಪಟ್ಟಿ ಓದುವ ಯಂತ್ರ ಹಿಡಿದು ಮಾವನ ಮುಂಗೈಗೆ ಮುಟ್ಟಿಸಿದ. ಹಸಿರು ದೀಪ. ಅವರ ಮಗಳಿಗೆ ಮುಟ್ಟಿಸಿದ. ಹಸಿರು. ಅಳಿಯನ ಮುಂಗೈಗೆ ಮುಟ್ಟಿಸುವಾಗ ದೀಪದ ಮೇಲೆ ಹೆಬ್ಬೆರಳಿಟ್ಟ.

"ಸರ್, ಈ ಪಟ್ಟಿಗೆ ಪಾನೀಯ ಬರ್ತಿಲ್ಲ. ಊಟ ಮಾತ್ರ."

"ಏನ್ರೀ ಹಾಗಂದ್ರೆ? ಮೂರಕ್ಕೂ ಒಟ್ಟಿಗೆ ಮಾಡಿಸಿದ್ದು. ನನಗೆ ಬರುತ್ತೆ, ನನ್ನ ಅಳಿಯನಿಗೆ ಬರಲ್ವಾ?"

"ಬಿಡಿ ಮಾವ, ನಾನೂ ಜ್ಯೂಸೇ ಕುಡೀತೀನಿ."

"ಬಿಡೋದೇನು ಬಿಡೋದು! ನೀವು ಸುಮ್ನಿರಿ. ನಿಮ್ಮನ್ನ ಕರ್ಕೊಂಡು ಬಂದು ನಾನು ಕುಡೀತಾ, ನೀವು ಬಾಯಿ ನೋಡ್ತಾ ಕೂತಿದ್ರೆ ನನಗೆ ಮರ್ಯಾದೆನಾ? ಯಾರ್ರೀ ಇಲ್ಲಿ ಮೇಲಿನವರು?"

ಮೇಲಿನವಳು ಬಂದಳು. ಮೂವತ್ತರ ಮೇಲ್ವಿಚಾರಕಿ, ಹಳಬನ ಮಗಳಷ್ಟು ವಯಸ್ಸು. ಯಂತ್ರ ಇಸಿದುಕೊಂಡು ಅಳಿಯನ ಪಟ್ಟಿಗೆ ಮುಟ್ಟಿಸಿದಳು. ಹಸಿರು ದೀಪ ಹತ್ತಿತು. ಎಲ್ಲರೂ ಹಳಬನನ್ನು ನೋಡಿದರು. ಇಬ್ಬರು ಮಾತ್ರ ನೋಡಲಿಲ್ಲ. ಗಂಡ ಕಿಟಕಿಯ ಕಡೆ ತಿರುಗಿದ್ದ, ಹೆಂಡತಿ ಖಾಲಿ ತಟ್ಟೆಯನ್ನೇ ನೋಡುತ್ತಿದ್ದಳು; ಅವಳ ಕಿವಿ ಕೆಂಪಾಗಿತ್ತು.

ಅವರಿಬ್ಬರೇ ಕೇಳಿಕೊಂಡದ್ದೆಂದು ಒಂದು ಮಾತು ಹೇಳಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಅದನ್ನು ಹೇಳದೆ, "ಕಣ್ಣು ಸರಿಯಾಗಿ ಕಾಣಲಿಲ್ಲ ಮೇಡಂ. ತಪ್ಪಾಯ್ತು," ಎಂದ.

"ತಪ್ಪಾಯ್ತು ಅಂದ್ರೆ ಆಯ್ತಾ? ಬರ್ಕೊಳ್ರೀ ದೂರು," ಎಂದರು ಮಾವ.

ಮೇಲ್ವಿಚಾರಕಿ ಬರೆದುಕೊಂಡಳು. ಆಮೇಲೆ ನಕ್ಕು, "ನಮ್ಮ ಕಡೆಯಿಂದ ಒಂದು ಕ್ಷಮೆಯ ಬಾಟಲಿ ಬರುತ್ತೆ ಸರ್," ಎಂದಾಗಲೇ ಹಳಬನಿಗೆ ಅದು ನೆನಪಾದದ್ದು. ಅತಿಥಿಗೆ ಯಾವುದನ್ನು ತಪ್ಪಿಸಿದರೋ ಅದನ್ನೇ ದೊಡ್ಡದಾಗಿ ತಂದುಕೊಟ್ಟು ಕ್ಷಮೆ ಕೇಳಬೇಕೆನ್ನುವುದು ಅಲ್ಲಿಯ ರೂಢಿ. ಐಸ್‌ಕ್ರೀಂ ತಪ್ಪಿದರೆ ಒಂದು ಬಕೆಟ್ ಐಸ್‌ಕ್ರೀಂ. ಲೋಟ ಬಿಯರ್ ತಪ್ಪಿದರೆ ಇಡೀ ಬಾಟಲಿ ವೈನ್. ತಪ್ಪು ಮಾಡಿದವನೇ ಅದನ್ನು ಹೊತ್ತು ತರಬೇಕು, ಎದುರಿಗೇ ಬಿರಡೆ ತೆಗೆಯಬೇಕು, ನೊಂದವರಿಗೆ ಮೊದಲ ಲೋಟ ತಾನೇ ತುಂಬಬೇಕು, ಆಗ ಹಡಗಿನ ಗಂಟೆ ಬಾರಿಸುತ್ತಾರೆ. ಹಳಬನಿಗೆ ಇದು ಗೊತ್ತಿಲ್ಲದ್ದೇನಲ್ಲ. ವರ್ಷಗಟ್ಟಲೆ ತನ್ನ ಕೌಂಟರಿನಲ್ಲಿ ಯಾರಿಗೂ ಇಲ್ಲ ಎಂದವನೇ ಅಲ್ಲವಾದ್ದರಿಂದ ಮರೆತಿದ್ದ. ಬಾಣಲೆಯಿಂದ ತೆಗೆದು ಬೆಂಕಿಗೆ ಹಾಕಿದ ಹಾಗೆ, ಒಂದು ಲೋಟ ತಪ್ಪಿಸಲು ಹೋಗಿ ಒಂದು ಬಾಟಲಿ ತಂದಿಟ್ಟಿದ್ದ.

ಕೌಂಟರಿನಿಂದ ಕಿಟಕಿಯ ಮೇಜಿಗೆ ನಲವತ್ತು ಹೆಜ್ಜೆಯೂ ಇರಲಿಲ್ಲ. ಕೆಂಪು ವೈನಿನ ಬಾಟಲಿಯನ್ನು ಬಿಳಿ ಬಟ್ಟೆಯಲ್ಲಿ ಹಿಡಿದು ನಡೆಯುವಷ್ಟರಲ್ಲಿ ಅವನಿಗೆ ಸಾಕು ಸಾಕಾಯಿತು. ಹೆಂಡತಿ ತಲೆಯೆತ್ತಿ ನೋಡಿದಳು. ಬೈದಿದ್ದರೆ ವಾಸಿಯಿತ್ತು. ನಂಬಿ ಕೆಟ್ಟೆ ಎನ್ನುವ ನೋಟ ಅದು. ಹಳಬ ಬಿರಡೆ ತೆಗೆದ. ಗಂಟೆ ಬಾರಿಸಿದರು. ಅಕ್ಕಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಬಾಟಲಿಯ ಬಾಯನ್ನು ಅಳಿಯನ ಲೋಟದ ತನಕ ತಂದ. ಕೈ ಬಗ್ಗಲಿಲ್ಲ.

"ಹಾಕ್ರೀ," ಎಂದರು ಮಾವ.

"ನನ್ನ ಕೈಲಾಗಲ್ಲ ಸರ್."

"ಒಳ್ಳೇ ಕಥೆಯಾಯ್ತಲ್ಲ ಇದು! ಕೊಡಿ ಇಲ್ಲಿ." ಮಾವ ಬಾಟಲಿ ಕಿತ್ತುಕೊಂಡು ಅಳಿಯನ ಲೋಟವನ್ನು ತುಳುಕುವ ಹಾಗೆ ತುಂಬಿದರು, ತಮ್ಮದಕ್ಕೂ ಹಾಕಿಕೊಂಡರು. "ತಗೊಳ್ಳಿ ಅಳಿಯಂದ್ರೇ. ಇವರ ಮುಖ ನೋಡಬೇಡಿ."

ಅಳಿಯನ ಎರಡೂ ಕೈ ತೊಡೆಯ ಕೆಳಗೆ ಸಿಕ್ಕಿಕೊಂಡಿದ್ದವು. ಅವನು ಲೋಟವನ್ನು ನೋಡುತ್ತಿದ್ದ. ಬಹಳ ಹೊತ್ತು ನೋಡಿದ.

"ಮಾವ," ಎಂದ ಕೊನೆಗೆ. "ಇವರ ಕಣ್ಣು ಸರಿಯಾಗೇ ಇದೆ. ನನಗೆ ಕೊಡಬೇಡಿ ಅಂತ ಹೇಳಿದ್ದು ನಾನೇ."

ಹೆಂಡತಿ ಬೆಚ್ಚಿ ತಿರುಗಿದಳು. "ನೀವಾ? ಹೇಳಿದ್ದು ನಾನಲ್ವಾ?"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ, ಆಮೇಲೆ ಇಬ್ಬರೂ ಹಳಬನನ್ನು ನೋಡಿದರು.

"ಇಬ್ರೂ ಹೇಳಿದ್ರಿ," ಎಂದ ಹಳಬ. "ನೀವು ಹನ್ನೊಂದಕ್ಕೆ. ಇವರು ಹನ್ನೆರಡೂವರೆಗೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಏಳು ತಿಂಗಳು ತಾನೊಬ್ಬಳೇ ಕಾವಲು ಕೂತಿದ್ದೇನೆಂದು ತಿಳಿದಿದ್ದಳು. ಒಳಗಿನಿಂದಲೂ ಒಬ್ಬ ಕಾಯುತ್ತಿದ್ದನೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಏನ್ರೋ ಇದು?" ಮಾವನ ದನಿ ಮೊದಲ ಸಲ ಮೇಜು ದಾಟಲಿಲ್ಲ. ಅಳಿಯ ಹೇಳಿದ. ಸುತ್ತಿ ಬಳಸದೆ, ಎಲ್ಲವನ್ನೂ ನಾಲ್ಕೇ ಮಾತಿನಲ್ಲಿ ಹೇಳಿದ. ಮಾವ ಕೇಳಿಸಿಕೊಂಡು, "ಏಳು ತಿಂಗಳಾ?" ಎಂದರು. "ಮತ್ತೆ ಭಾನುವಾರ ಭಾನುವಾರ ನಮ್ಮನೇಲಿ ಕುಡೀತಿದ್ರಲ್ಲ?"

"ಲೋಟ ಹಿಡ್ಕೊಂಡು ಬಾತ್‌ರೂಮಿಗೆ ಹೋಗ್ತಿದ್ದೆ ಮಾವ. ಅಲ್ಲಿ ಚೆಲ್ಲಿಬಿಡ್ತಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ."

ಮಾವ ತಮ್ಮ ಮುಂದಿನ ಲೋಟವನ್ನು ಒಂದು ಸುತ್ತು ತಿರುಗಿಸಿದರು. ಮುಖ ಒಂದೇ ಸಲ ಹತ್ತು ವರ್ಷ ಹಳತಾಗಿತ್ತು.

"ನನಗೆ ಬೇಜಾರಾಗೋಕೆ ನಾನೇನು ಕುಡುಕನೇನ್ರೀ?" ಎಂದರು. "ಇಡೀ ಸರ್ವೀಸಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಮದುವೆ ಆದ ಹೊಸದರಲ್ಲಿ ನೀವು ಖುಷಿಯಾಗಿ ಕುಡಿಯೋದು ನೋಡಿದೆ. ಅಳಿಯಂದ್ರಿಗೆ ಜೊತೆ ಕೊಡೋರು ಬೇಕಲ್ಲ ಅಂತ ಕಲಿತೆ. ನನಗೆ ಅದು ಸೇರೋದೇ ಇಲ್ಲ. ಭಾನುವಾರ ಕುಡಿದ್ರೆ ಮಂಗಳವಾರದ ತನಕ ಹೊಟ್ಟೆ ಉರಿ. ನೀವು ಬರ್ತೀರಲ್ಲ ಅಂತ ಮಾತ್ರೆ ನುಂಗಿ ಕೂರ್ತಿದ್ದೆ."

ಮೊದಲು ನಕ್ಕವಳು ಹೆಂಡತಿ. ತಡೆಯಲಾರದೆ, ಕರವಸ್ತ್ರ ಮುಖಕ್ಕೆ ಒತ್ತಿಕೊಂಡು, ಭುಜ ಕುಲುಕಿಸಿ ನಕ್ಕಳು. ಆ ನಗು ಯಾವಾಗ ಅಳುವಾಯಿತೆಂದು ಹತ್ತಿರ ನಿಂತಿದ್ದ ಹಳಬನಿಗೂ ತಿಳಿಯಲಿಲ್ಲ. ಗಂಡನ ಕೈ ತೊಡೆಯ ಕೆಳಗಿಂದ ಈಚೆ ಬಂದು ಅವಳ ಬೆನ್ನ ಮೇಲೆ ಕೂತಿತು. ಮಾವ ಎರಡು ಲೋಟವನ್ನೂ ಬಾಟಲಿಯನ್ನೂ ಮೇಜಿನ ಅಂಚಿಗೆ ದೂಡಿ, "ತಗೊಂಡು ಹೋಗಪ್ಪಾ ಇದನ್ನ," ಎಂದರು. ದೂರಿನ ನೆನಪು ಅವರಲ್ಲಿ ಯಾರಿಗೂ ಆಗಲಿಲ್ಲ. ರಜೆಗೆ ಬಂದವರು ಅವರು. ಅವರದ್ದು ಅವರಿಗೇ ಹೆಚ್ಚಾಗಿತ್ತು. ಹಳಬನಿಗೆ ಅದರಿಂದ ನೋವೇನೋ ಆಯಿತು, ಆದರೆ ಕೋಪ ಬರಲಿಲ್ಲ.

ಕೌಂಟರಿನ ಹತ್ತಿರ ಮೇಲ್ವಿಚಾರಕಿ ಕಾಯುತ್ತಿದ್ದಳು. ದೂರದಿಂದ ಅವಳಿಗೆ ಕಂಡದ್ದು ನಗು ಮಾತ್ರ. "ಖುಷಿಯಾದ್ರಲ್ಲ? ಒಳ್ಳೇದಾಯ್ತು," ಎಂದಳು. ಆಮೇಲೆ ದನಿ ತಗ್ಗಿಸಿ, "ಆದ್ರೆ ದೂರು ದೂರೇ. ಇದು ಮೂರನೇದು. ನಾನು ಏನೂ ಮಾಡೋಕಾಗಲ್ಲ," ಎಂದಳು.

"ಇರಲಿ ಮೇಡಂ."

ತೆರೆದ ಬಾಟಲಿಯನ್ನು ವಾಪಸ್ಸು ಇಡುವ ಹಾಗಿರಲಿಲ್ಲ. ಹಳಬ ಹಿಂದಿನ ತೊಟ್ಟಿಗೆ ಹೋಗಿ ಮೊದಲು ಎರಡು ಲೋಟ ಚೆಲ್ಲಿದ. ಆಮೇಲೆ ಬಾಟಲಿಯನ್ನು ಬೋರಲು ಹಿಡಿದ. ಅದು ಗುಳುಗುಳು ಎನ್ನುತ್ತಾ, ನಡುನಡುವೆ ಉಸಿರೆಳೆದುಕೊಳ್ಳುತ್ತಾ ನಿಧಾನವಾಗಿ ಇಳಿಯಿತು. ಹಾಲಿನಲ್ಲಿ ಯಾರೋ ಬಿಯರಿಗಾಗಿ ಮೇಜು ಕುಟ್ಟುತ್ತಿದ್ದರು. ಅವನು ಕದಲಲಿಲ್ಲ. ಒಂದು ಬಾಟಲಿ ಪೂರ್ತಿ ಖಾಲಿಯಾಗಲು ಇಷ್ಟು ಹೊತ್ತು ಬೇಕೆಂದು, ಇಷ್ಟು ವರ್ಷ ಸುರಿದರೂ ಅವನಿಗೆ ಗೊತ್ತಿರಲಿಲ್ಲ.