ಎರಡನೇ ಕಲ್ಲಿನ ಜಾಗ

ಆ ಒಂದು ಚೀಟಿಗಾಗಿ ರುದ್ರಾಣಿ ಚನ್ನಗಿರಿಗೆ ಮೂರು ಸಲ ಬಸ್ಸು ಹತ್ತಿದ್ದಳು. ಸಂತೇಬೆನ್ನೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗೈಡ್ಸ್ ನೋಡಿಕೊಳ್ಳುವ ಟೀಚರ್ ಅವಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಶಾಲೆಯ ಕಮಿಟಿ ಹೊಸ ಆರ್ಡರು ಕೊಡಬೇಕು.

ಕೆರೆಯ ದಂಡೆಯ ಸರ್ಕಾರಿ ಉದ್ಯಾನದಲ್ಲಿ ಡೇರೆ ಹಾಕಲು ನಾಲ್ಕು ಜಾಗಗಳಿದ್ದವು, ಒಂದೊಂದಕ್ಕೂ ನಂಬರಿನ ಕಲ್ಲು. ಒಂದನೇ ಕಲ್ಲಿನ ಮುಂದೆ ಆಳೆತ್ತರದ ಜೊಂಡು. ಮೂರು, ನಾಲ್ಕರ ಮುಂದೆ ಮೊಳಕಾಲು ಹೂತುಹೋಗುವ ಕೆಸರು. ಎರಡನೇ ಕಲ್ಲಿನಿಂದ ಮಾತ್ರ ಗಟ್ಟಿ ನೆಲದ ಮೇಲೆ ನೀರಿಗಿಳಿಯಬಹುದಿತ್ತು.

ಮೊದಲ ಸಲ ಚನ್ನಗಿರಿಯ ಉದ್ಯಾನ ಇಲಾಖೆಯ ಗುಮಾಸ್ತ ಓಬಳಪ್ಪ ತಲೆಯೆತ್ತದೆ ನಕ್ಕಿದ್ದ. "ಕೆರೆ ದಂಡೆ ಬುಕ್ ಮಾಡಾಕೆ ಬಂದೀರಾ? ಹೋಗಿ ಕುಂತ್ಕಂಡ್ರೆ ಆತು, ಯಾರು ಬ್ಯಾಡ ಅಂತಾರೆ?" ಎರಡನೇ ಸಲ ಸಾಹೇಬರಿರಲಿಲ್ಲ. ಮೂರನೇ ಸಲ ಅವಳು ಏನೂ ಕೇಳದೆ ಬೆಂಚಿನ ಮೇಲೆ ಕೂತಳು. ಊಟದ ಹೊತ್ತು ದಾಟಿತು. ಅವಳು ಏಳಲಿಲ್ಲ. ಕೊನೆಗೆ ಓಬಳಪ್ಪನೇ ಸೋತು, ಸೀಲು ಕುಟ್ಟಿ ಎರಡನೇ ಕಲ್ಲಿನ ಚೀಟಿಯನ್ನು ಮೇಜಿನ ಈಚೆಗೆ ಎಸೆದಿದ್ದ.

ಅದು ಎಂಬತ್ಮೂರರ ಫೆಬ್ರವರಿ. ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ಪರೀಕ್ಷಕರು ಬರುವವರಿದ್ದರು. ಆರು ಹುಡುಗಿಯರು ನೀರಿನ ಪಕ್ಕ ಡೇರೆ ಕಟ್ಟಿ ಒಂದು ರಾತ್ರಿ ಕಳೆದಿರಬೇಕು, ನೀರಿಗೆ ಬಿದ್ದವರಿಗೆ ಹಗ್ಗ ಎಸೆದು ಎಳೆದು ತೋರಿಸಬೇಕು. ಆರೂ ಜನ ಹತ್ತನೇ ಕ್ಲಾಸು. ಮಾರ್ಚ್ ಕಳೆದರೆ ಶಾಲೆ ಬಿಡುವವರು. ಈ ಸಲ ತಪ್ಪಿದರೆ ಆ ಬ್ಯಾಡ್ಜು ಅವರಿಗೆ ಎಂದೂ ಇಲ್ಲ.

ಶನಿವಾರ ಮಧ್ಯಾಹ್ನ ಕ್ಯಾನ್ವಾಸು, ಕಂಬ ಹೊತ್ತು ಹೋದಾಗ ಎರಡನೇ ಕಲ್ಲಿನ ಪಕ್ಕ ಮೂರು ಟವೆಲ್ಲು ಹಾಸಿದ್ದವು. ಕೆಂಪಂಚಿನ, ಹೆಗಲ ಮೇಲಿನ ಟವೆಲ್ಲು. ಹಾರದಂತೆ ಒಂದೊಂದರ ಮೇಲೂ ಕಲ್ಲು. ಹೊಂಗೆ ಮರದ ನೆರಳಲ್ಲಿ ಕೂತಿದ್ದ ಕಾವಲುಗಾರ ದುರುಗಪ್ಪ ಎದ್ದೂ ಬರಲಿಲ್ಲ.

"ಯಾರದು ಇವು?"

"ಮಹೇಶ್ವರಪ್ಪ ಸಾವ್ಕಾರ್ರದು. ಬಸವಾಪಟ್ಟಣದ ಬೀಗರನ್ನ ಕರ್ಕಂಡು ಬರ್ತಾರೆ. ನಾಳೆ ಸಂಜೆ ತನಕ ಇಲ್ಲೇ ಊಟ, ಇಲ್ಲೇ ಇಸ್ಪೀಟು."

ಮಹೇಶ್ವರಪ್ಪ ಅಂದರೆ ಅಡಿಕೆ ಮಂಡಿಯವರು, ಅವಳ ಶಾಲೆಯ ಕಮಿಟಿಯ ಕಾರ್ಯದರ್ಶಿ. ರುದ್ರಾಣಿ ಚೀಟಿ ಬಿಚ್ಚಿ ಹಿಡಿದಳು.

"ಅದನ್ನ ಆಫೀಸಿಗೆ ತೋರಿಸ್ರಿ," ಎಂದ ದುರುಗಪ್ಪ. "ಬಸ್ಸಿನಾಗೆ ಕಿಟಕಿಯಿಂದ ಟವೆಲ್ ಹಾಕಿದ ಸೀಟಿಗೆ ಚೀಟಿ ತೋರಿಸಿ ಕುಂತ್ಕಂತೀರೇನು? ಬೇಕಾದ್ರೆ ತೆಗೀರಿ. ನಾನಂತೂ ಮುಟ್ಟಂಗಿಲ್ಲ."

ಅವಳು ಟವೆಲ್ಲು ತೆಗೆಯಲಿ ಎಂದೇ ಅವನು ಕಾಯುತ್ತಿದ್ದ ಎಂಬುದು ಅವಳಿಗೆ ಹೊಳೆಯಿತು. ಇನ್ನೊಬ್ಬರ ಟವೆಲ್ಲು ಎತ್ತಿ ಎಸೆಯುವುದೆಂದರೆ ಅವರ ಹೆಗಲಿಗೇ ಕೈ ಹಾಕಿದಂತೆ. ಅವಳು ಮುಟ್ಟಿದ ಗಳಿಗೆಯಲ್ಲಿ ತಪ್ಪು ಅವಳದಾಗುತ್ತದೆ, ಚೀಟಿ ಬರೀ ಕಾಗದವಾಗುತ್ತದೆ. ಟವೆಲ್ಲುಗಳ ಸುತ್ತ ಒಂದು ಸುತ್ತು ನಡೆದು ಹೆಜ್ಜೆಯಲ್ಲಿ ಜಾಗ ಅಳೆದಳು.

"ಟವೆಲ್ಲು ಯಾರೂ ಮುಟ್ಟಬ್ಯಾಡ್ರಿ," ಎಂದಳು ಆಮೇಲೆ. "ಮೇಲಿನ ಕಲ್ಲೂ ಸರಿಸಬ್ಯಾಡ್ರಿ. ಅವು ಒಳಗೆ ಬರಂಗೆ ಗೂಟ ಹೊಡೀರಿ."

ಶಾಲೆಯ ಹಳೇ ದೊಡ್ಡ ಡೇರೆ ಮೂರು ಟವೆಲ್ಲನ್ನೂ ನುಂಗಿಕೊಂಡು ಎದ್ದು ನಿಂತಿತು. ದುರುಗಪ್ಪ ಸಾವ್ಕಾರರಿಗೆ ಸುದ್ದಿ ಮುಟ್ಟಿಸಲು ಬೈಯುತ್ತ ಸೈಕಲ್ಲು ಹತ್ತಿದ.

ಇನ್ನೂ ಬಿಸಿಲಿರುವಾಗಲೇ ಕಾರು ಬಂತು. ಮಹೇಶ್ವರಪ್ಪ ಇಳಿದವರೇ ಕೂಗಿದರು. "ಏನ್ರೀ ಇದು? ನನ್ನ ಟವೆಲ್ ಎಲ್ಲಿ?"

"ಹಾಸಿದ ಜಾಗದಾಗೇ ಐತ್ರಿ. ಒಳಗೆ."

"ತಂದುಕೊಡು!"

"ನಾವು ಮುಟ್ಟಂಗಿಲ್ರಿ. ಹುಡುಗೇರು ಒಳಗೆ ಬಟ್ಟೆ ಬದಲಾಯಿಸ್ತಾ ಅದಾರೆ. ನೀವೇ ಬಂದು ತಗೊಳ್ರಿ."

ಅವರು ಒಂದು ಹೆಜ್ಜೆ ಮುಂದಿಟ್ಟು ಅಲ್ಲೇ ನಿಂತರು. ಹಿಂದಿನಿಂದ ಬೀಗರು ಮುರುಗೇಶಪ್ಪ ಹೊಟ್ಟೆ ಕುಲುಕಿಸಿ ನಕ್ಕರು. "ನುಗ್ರಿ ಬೀಗ್ರೆ, ಯಾಕೆ ನಿಂತ್ರಿ? ನಮ್ಮ ಹುಡುಗಿ ಕೊಟ್ಟ ಮನಿಯೋರು ಎಂಥೋರು ಅಂತ ನಾವೂ ನೋಡ್ತೀವಿ!"

ಆ ನಗುವಿಗೆ ಮಹೇಶ್ವರಪ್ಪನವರ ಮುಖ ಕಪ್ಪಿಟ್ಟಿತು. ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ಜೂನ್‌ನಾಗೆ ಆರ್ಡರಿಗೆ ಸಹಿ ಹಾಕೋರು ಯಾರು ಅಂತ ಗೊತ್ತೈತಾ ಟೀಚರಮ್ಮ?"

"ಗೊತ್ತೈತ್ರಿ."

ಅವರು ಕಾದರು. ಅವಳು ಇನ್ನೊಂದು ಮಾತು ಸೇರಿಸಲಿ, ಕೈ ಮುಗಿಯಲಿ ಎಂದು ಕಾದರು. ರುದ್ರಾಣಿ ಅವರ ಮುಖವನ್ನೇ ನೋಡುತ್ತ ನಿಂತಳು. ಈ ಮೌನಕ್ಕೆ ತೆರಬೇಕಾದ್ದೇನು ಎಂಬುದು ಅವಳಿಗೆ ಸ್ಪಷ್ಟವಾಗಿತ್ತು. ಆದರೂ ಮುರಿಯಲಿಲ್ಲ. ಕಾರಿನ ಬಾಗಿಲು ದಡಾರನೆ ಬಿತ್ತು.

ಧೂಳು ಇಳಿದ ಮೇಲೆ ಚೌಡಕ್ಕ ಡೇರೆಯಿಂದ ತಲೆ ಹೊರಹಾಕಿದಳು. ಆರು ಹುಡುಗಿಯರಲ್ಲಿ ಅವಳ ಕೈಗೇ ಬಲ ಕಡಿಮೆ.

"ಜೂನ್‌ನಾಗೆ ನೀವು ಇರಲ್ವಾ ಟೀಚರ್?"

"ನೀನೂ ಇರಲ್ವಲ್ಲ. ಹಗ್ಗ ತಗಂಡು ಬಾ, ಬೆಳಕೈತೆ."

ಚೌಡಕ್ಕ ದಂಡೆಯಲ್ಲಿ ಕಾಲೂರಿ ಎಸೆದಳು. ಹಗ್ಗ ಗುರಿಗಿಂತ ಒಂದು ಮಾರು ಈಚೆಗೇ ಬಿತ್ತು.

"ಇನ್ನೊಂದ್ಸಲ," ಎಂದಳು ರುದ್ರಾಣಿ.