ಬಲಗೈ ತೋರುಬೆರಳು

ಚುನಾವಣೆ ಡ್ಯೂಟಿಗೆ ಆಯಾ ಬೀದಿಯವರನ್ನೇ ಹಾಕಿದರೆ ಮುಖಪರಿಚಯ ಇರುತ್ತದೆ, ಕೆಲಸ ಸಲೀಸಾಗುತ್ತದೆ ಎಂದು ಮೇಲಿನವರ್ಯಾರೋ ಯೋಚಿಸಿದ್ದರು. ಆ ಪುಣ್ಯಾತ್ಮರು ಯಾವ ಬೀದಿಯಲ್ಲೂ ನಾಲ್ಕು ದಿನ ಬದುಕಿದವರಲ್ಲ. ಲೈಬ್ರರಿಯಲ್ಲಿ ಗುಮಾಸ್ತೆಯಾಗಿದ್ದ, ಸಿಮೆಂಟ್ ಅಂಗಡಿಯವರ ಮನೆಯ ಕಿರಿಯ ಸೊಸೆಯನ್ನು ಅವಳದೇ ಬೀದಿಯ ಶಾಲೆಯಲ್ಲಿ, ಬೆರಳಿಗೆ ಶಾಯಿ ಹಚ್ಚುವ ಮೇಜಿಗೆ ಕೂರಿಸಿದ್ದರು. ಬೆಳಗಿನಿಂದ ಬಂದವರೆಲ್ಲ ಬೆರಳು ಚಾಚುವ ಮೊದಲು ಅವಳನ್ನು ದುರುಗುಟ್ಟಿಕೊಂಡು ನೋಡುತ್ತಿದ್ದರು. ಲೈಬ್ರರಿಯಲ್ಲಿ ಹರಟೆ ಹೊಡೆದು ಅವಳಿಂದ ಬೈಸಿಕೊಂಡವರು, ಕಸದ ತೊಟ್ಟಿಯ ವಿಷಯಕ್ಕೆ ಜಗಳವಾಡಿದವರು, ಕಾರಣವೇ ಇಲ್ಲದೆ ಕಂಡರಾಗದವರು. ಎದುರುಮನೆಯವಳಂತೂ ಬೆರಳನ್ನು ಕಣ್ಣಿಗೆ ಚುಚ್ಚುವ ಹಾಗೆ ಚಾಚಿದಳು. ಸೊಸೆಯೇನು ಕಡಿಮೆಯವಳೇ? ಕಡ್ಡಿಯನ್ನು ಉಗುರಿನ ಬುಡಕ್ಕೆ ಒತ್ತಿ ಗೀಚಿ ಕಳಿಸಿದಳು.

ಗೇಟಿನ ಹೊರಗೆ ಅವಳ ಭಾವ ಬೀಡುಬಿಟ್ಟಿದ್ದ. ಗಂಡನ ಅಣ್ಣ. ಬೀದಿಗೆಲ್ಲ ಸಿಮೆಂಟ್ ಸಾಹುಕಾರ. ಅಂಗಡಿಯಲ್ಲಿ ಮಾರುವುದು ಸಿಮೆಂಟು, ಆಡುವ ಮಾತೂ ಅದೇ ಜಾತಿಯದು, ಒಂದು ಸಲ ಬಿದ್ದರೆ ಯಾರಿಂದಲೂ ಕೀಳಲಾಗದು. ಈ ವಾರ್ಡಿನಲ್ಲಿ ತನ್ನ ಪಕ್ಷದ ಅಭ್ಯರ್ಥಿ ಗೆಲ್ಲುವುದೂ ತನ್ನ ಮೀಸೆ ಉಳಿಯುವುದೂ ಒಂದೇ ಎಂದು ನಂಬಿದ್ದ. ಸೊಸೆಯ ಗಂಡ ಅವನ ಅಂಗಡಿಯಲ್ಲೇ ದುಡಿಯುತ್ತಿದ್ದ, ಸಂಸಾರ ಅವನ ಮನೆಯ ಹಿಂಭಾಗದ ಎರಡು ಕೋಣೆಯಲ್ಲಿತ್ತು. ಡ್ಯೂಟಿಯ ಸುದ್ದಿ ಕೇಳಿದ ದಿನವೇ ಭಾವ ಅವಳನ್ನು ಅಂಗಳದಲ್ಲಿ ತಡೆದು, ಅಲ್ಲಿ ಕೂತು ರೂಲ್ಸು ಗೀಲ್ಸು ಅಂತ ತಲೆಹರಟೆ ಮಾಡಿದರೆ ಹಿಂದಿನ ಕೋಣೆ ಯಾರದು ಅನ್ನುವುದು ನೆನಪಿರಲಿ ಎಂದಿದ್ದ. ಗಂಡ ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದ. ಕಂಬವಾದರೂ ಒರಗಿಕೊಳ್ಳಲು ಆಗುತ್ತದೆ.

ಮತದಾನ ಶುರುವಾಗುತ್ತಿದ್ದಂತೆ ಭಾವ ಒಬ್ಬ ಮುದುಕರನ್ನು ರಟ್ಟೆ ಹಿಡಿದು ಕರೆತಂದ. ರಿಟೈರಾದ ಪೋಸ್ಟ್‌ಮ್ಯಾನ್. ಬೀದಿಯ ಮನೆಮನೆಯ ಬಾಗಿಲು ಬಲ್ಲವರು, ಈಗ ತಮ್ಮ ಮನೆಯ ಬಾಗಿಲೇ ಕಾಣದು. ಕಣ್ಣಿಲ್ಲದವರ ಜೊತೆ ಮರೆಯೊಳಗೆ ಹೋಗಿ ಗುಂಡಿ ಒತ್ತಲು ಒಬ್ಬರಿಗೆ ಅವಕಾಶವಿದೆ. ಆದರೆ ಒಬ್ಬ ಮನುಷ್ಯ ಅವತ್ತು ಒಬ್ಬರಿಗೆ ಮಾತ್ರ ಹಾಗೆ ಜೊತೆಯಾಗಬಹುದು, ಅದರ ಗುರುತಿಗೆ ಅವನ ಬಲಗೈ ತೋರುಬೆರಳಿಗೆ ಶಾಯಿ ಬೀಳುತ್ತದೆ. ಬೂತಿನ ಅಧಿಕಾರಿ, ನಿದ್ದೆಗೆಟ್ಟ ಲೆಕ್ಕದ ಮೇಷ್ಟ್ರು, ಈ ನಿಯಮವನ್ನು ಮಗ್ಗಿ ಒಪ್ಪಿಸುವ ಹಾಗೆ ಗೊಣಗಿದರು. ಭಾವ ಫೋನಿನಲ್ಲಿ ಯಾರನ್ನೋ ಗದರಿಸುತ್ತಿದ್ದ.

ಸೊಸೆಯ ಕೈಯಲ್ಲಿದ್ದ ಕಡ್ಡಿ ಅರೆಗಳಿಗೆ ನಿಂತಿತು. ಮಧ್ಯಾಹ್ನ ಊಟವಾದ ಮೇಲೆ ಭಾವ ತನ್ನ ತಾಯಿಯನ್ನು ಕರೆತರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅತ್ತೆಗೆ ಕಣ್ಣು ಹೋದಾಗಿನಿಂದ ಅವಳ ಓಟು ಹಾಕುವವನು ಅವನೇ. ಕಳೆದ ಸಲ ಮನೆಗೆ ಬಂದು ಕೂತ ಮೇಲೆ ಅತ್ತೆ, ನಾನು ಯಾರಿಗೆ ಹಾಕಿದೆನೋ ಎಂದು ಮಗನನ್ನು ಕೇಳಿದ್ದಳು. ಅವನು ನಕ್ಕು, ಅದೆಲ್ಲ ನಿನಗ್ಯಾಕಮ್ಮ ಎಂದು ಟಿವಿ ಹಾಕಿದ್ದ. ಅತ್ತೆ ಶಾಯಿ ಬಿದ್ದ ಬೆರಳನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು. ಸೊಸೆಗೂ ಅತ್ತೆಗೂ ಎಣ್ಣೆ ಸೀಗೆಕಾಯಿ ಸಂಬಂಧ, ಒಬ್ಬರ ನೆರಳು ಒಬ್ಬರಿಗಾಗದು. ಆದರೂ ಆ ಸಂಜೆಯ ಅತ್ತೆಯ ಮುಖವನ್ನು ಸೊಸೆ ಮರೆತಿರಲಿಲ್ಲ.

“ಅವರು ಹೇಳ್ತಿರೋದು ಕೇಳಿಸ್ಕೊಳ್ಳಿ, ಭಾವ,” ಎಂದಳು.

“ನೀನು ನನಗೆ ಪಾಠ ಹೇಳ್ಬೇಡ. ನಿನ್ನ ಕೆಲಸ ಬಣ್ಣ ಬಳಿಯೋದು. ಬಳಿ.”

ಅವನ ಬಲಗೈ ತೋರುಬೆರಳಿಗೆ ಬಳಿದಳು. ಎರಡನೇ ಸಲ ಹೇಳಬಹುದಿತ್ತು, ಹೇಳಲಿಲ್ಲ. ಪೋಸ್ಟ್‌ಮ್ಯಾನ್‌ನ ಒಂದು ಓಟಿನ ಆಸೆಗೆ ಅವನು ತಾಯಿಯ ಓಟು ಕಳೆದುಕೊಂಡಿದ್ದ, ಅದು ಅವನಿಗೇ ಗೊತ್ತಿರಲಿಲ್ಲ. ಅವಳಿಗೆ ಹೊಟ್ಟೆ ತಣ್ಣಗಾದಷ್ಟೇ ಭಯವೂ ಆಯಿತು.

ಊಟದ ಹೊತ್ತು ಕಳೆದ ಮೇಲೆ ಭಾವ ತಾಯಿಯನ್ನು ಕರೆತಂದ, ಹಿಂದೆ ತಮ್ಮನೂ ಇದ್ದ. ಸಾಲಿನಲ್ಲಿದ್ದವರನ್ನು ಸರಿಸಿ, ಅತ್ತೆಯನ್ನು ಚೀಲ ಇಳಿಸುವ ಹಾಗೆ ಮೇಜಿನ ಮುಂದೆ ನಿಲ್ಲಿಸಿದ. ಬಲಗೈ ತೋರಿಸಿ ಎಂದು ಸೊಸೆ ಅವನನ್ನು ಕೇಳಿದಳು.

“ನೀವು ಬೆಳಿಗ್ಗೆ ಒಬ್ರ ಜೊತೆ ಹೋಗಿ ಬಂದಿದ್ದೀರಿ. ಇವತ್ತಿಗೆ ಇನ್ನೊಬ್ರ ಜೊತೆ ಹೋಗೋ ಹಾಗಿಲ್ಲ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಭಾವನ ಮುಖ ಕೆಂಪಾಯಿತು. ಮೇಷ್ಟ್ರ ಕಡೆ ತಿರುಗಿ, ಹೆತ್ತ ತಾಯಿ, ಮಗ ಹೋಗಬಾರದು ಅಂದರೆ ಯಾವ ಸೀಮೆ ಕಾನೂನು ಎಂದು ಗುಡುಗಿದ. ಮೇಷ್ಟ್ರಿಗೆ ಬೇಗ ಸಂಜೆಯಾದರೆ ಸಾಕಿತ್ತು, ಅವರು ಸೊಸೆಯತ್ತ ನೋಡಿದರು. ಇದೊಂದು ಬಿಟ್ಟುಬಿಡಮ್ಮ ಎಂಬ ನೋಟ ಅದು. ಬಿಡುವುದಾದರೆ ನೀವೇ ಬರೆದು ಸಹಿ ಹಾಕಿ ಬಿಡಿ ಎಂದಳು ಅವಳು. ಸಹಿ ಎಂದ ಕೂಡಲೇ ಮೇಷ್ಟ್ರಿಗೆ ನಿಯಮ ಚೆನ್ನಾಗಿ ನೆನಪಾಯಿತು.

ಭಾವ ತಮ್ಮನ ತೋಳು ಹಿಡಿದು ಮುಂದಕ್ಕೆ ಎಳೆದ. “ಇವನು ಹೋಗ್ತಾನೆ. ಮೂರನೇ ಗುಂಡಿ ಕಣೋ, ಗೊತ್ತಲ್ಲ.”

ಗಂಡ ಹೆಂಡತಿಯ ಕಡೆ ನೋಡದೆ ಬಲಗೈ ಚಾಚಿದ. ಇದಕ್ಕೆ ನಿಯಮದಲ್ಲಿ ಅಡ್ಡಿಯಿರಲಿಲ್ಲ. ಇಷ್ಟು ಮಾಡಿ ಸೂರು ಕಳೆದುಕೊಂಡರೂ ಅತ್ತೆಯ ಓಟನ್ನು ಭಾವನೇ ಹಾಕಿದಂತಾಗುತ್ತಿತ್ತು, ತನ್ನ ಗಂಡನ ಬೆರಳಿನಿಂದ. ಕಡ್ಡಿಯನ್ನು ಶಾಯಿಗೆ ಅದ್ದಿದಳು, ಹಚ್ಚಲು ಕೈ ಬರಲಿಲ್ಲ.

“ಜೊತೆ ಯಾರು ಬರ್ಬೇಕು ಅಂತ ಓಟು ಹಾಕೋರು ಹೇಳ್ಬೇಕು,” ಎಂದಳು. “ಹೇಳಿ, ಅತ್ತೆ. ಯಾರು ಬೇಕು?”

ಅವತ್ತಿನವರೆಗೆ ಅತ್ತೆಯನ್ನು ಯಾರೂ ಹಾಗೆ ಕೇಳಿದಂತಿರಲಿಲ್ಲ. ಅತ್ತೆ ಮುಖವನ್ನು ದನಿ ಬಂದ ಕಡೆಗೆ ತಿರುಗಿಸಿದಳು.

“ಯಾರೂ ಬೇಡ.”

ಭಾವ ಗಾಬರಿಯಿಂದ, ನಿನಗೆ ಕಾಣಲ್ಲವಲ್ಲಮ್ಮ ಎಂದ. ಕಣ್ಣು ಹೋಗಿದೆ, ಬೆರಳು ಇನ್ನೂ ಇವೆ ಎಂದಳು ಅತ್ತೆ. ಯಂತ್ರದಲ್ಲಿ ಯಾರು ಯಾರ ಹೆಸರು ಎಲ್ಲೆಲ್ಲಿದೆ, ಮೇಲಿಂದ ಕೆಳಗೆ ಓದಿ ಹೇಳಿ ಎಂದು ಮೇಷ್ಟ್ರನ್ನು ಕೇಳಿದಳು. ಮೇಷ್ಟ್ರು ಓದಿದರು. ಅತ್ತೆ ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿಕೊಂಡಳು, ಎಡಗೈ ಚಾಚಿ ಶಾಯಿ ಹಾಕಿಸಿಕೊಂಡಳು. ಮೇಷ್ಟ್ರು ಮರೆಯವರೆಗೆ ಬಿಟ್ಟು ಈಚೆ ಬಂದರು. ಒಳಗೆ ತಡವಾಯಿತು. ಮುದುಕಿ ಗುಂಡಿಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತಡವುತ್ತಿದ್ದಿರಬೇಕು. ಸಾಲಿನಲ್ಲಿದ್ದವರೂ ಗೊಣಗುವುದನ್ನು ಮರೆತರು. ಕೊನೆಗೆ ಯಂತ್ರ ಉದ್ದಕ್ಕೆ ಕೂಗಿತು.

ಭಾವ ಮೇಜಿಗೆ ಬಾಗಿ, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ, “ರಾತ್ರಿ ಆ ಕೋಣೆಗೆ ಕಾಲಿಡಬೇಡ” ಎಂದ. ಗಂಡನಿಗೆ ಅದು ಕೇಳಿಸಿತು. ಅವನು ಕಿಟಕಿಯ ಕಡೆ ನೋಡುತ್ತಿದ್ದ, ನೋಡುತ್ತಲೇ ಇದ್ದ. ಇವನಿಂದ ಇಷ್ಟೇ ಎಂದು ಗೊತ್ತಿದ್ದರೂ ಸೊಸೆಗೆ ಕಣ್ಣು ಉರಿಯಿತು.

ಅತ್ತೆ ಗೋಡೆ ಸವರಿಕೊಂಡು ಬಂದು ಅವಳ ಮೇಜಿನ ಮುಂದೆ ನಿಂತಳು. ದೊಡ್ಡ ಮಗ ಹಿಡಿಯಲು ಬಂದರೆ ಕೈ ಕೊಡವಿದಳು.

“ನನ್ನ ಮಗನ್ನ ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದೆ,” ಎಂದಳು. “ಅದನ್ನ ನಾನು ಸಾಯೋವರೆಗೂ ಮರೆಯಲ್ಲ ಕಣೇ. ಒಂದು ಹೇಳು. ನನಗೋಸ್ಕರ ಮಾಡಿದ್ಯೋ, ಅವನ ಮೇಲಿನ ಹೊಟ್ಟೆಕಿಚ್ಚಿಗೆ ಮಾಡಿದ್ಯೋ?”

ಸೊಸೆಗೆ ಎರಡೂ ನಿಜವೆಂದು ಗೊತ್ತಿತ್ತು. ನಿಮಗೋಸ್ಕರ ಎಂದರೆ, ಇಷ್ಟು ವರ್ಷಕ್ಕೆ ಒಂದು ಸಲ ಯಾರ ಹಂಗೂ ಇಲ್ಲದೆ ನಿಂತ ಮುದುಕಿಯ ತಲೆಯ ಮೇಲೆ ಮತ್ತೊಬ್ಬರ ಉಪಕಾರ ಹೊರಿಸಿದಂತೆ. ಅದೂ ಕಂಡರಾಗದ ಸೊಸೆಯದು.

“ಹೊಟ್ಟೆಕಿಚ್ಚಿಗೇ, ಅತ್ತೆ.”

“ಸದ್ಯ,” ಎಂದಳು ಅತ್ತೆ. “ಹಾಗಾದ್ರೆ ನಿನ್ನ ಋಣ ನನ್ನ ಮೇಲಿಲ್ಲ.”

ಇಬ್ಬರು ಗಂಡುಮಕ್ಕಳ ನಡುವೆ ದಾರಿ ಮಾಡಿಕೊಂಡು, ಬಾಗಿಲ ಚೌಕಟ್ಟು ಮುಟ್ಟಿ ನೋಡಿ, ಒಬ್ಬಳೇ ಹೊರಗೆ ಹೋದಳು.