ನಂಬರಿಗೆ ಬಿಳಿ ಬಳಿದವಳು

ನನಗೆ ಮೂಗಿನ ತುದಿಯಲ್ಲೇ ಕೋಪ. ನಾನೇ ಒಪ್ಪಿಕೊಳ್ಳುತ್ತೇನೆ, ಯಾರೂ ಚಾಡಿ ಹೇಳಬೇಕಾಗಿಲ್ಲ. ಅದು ಯಾರ ಕಡೆಯಿಂದ ಬಂತು ಎನ್ನುವುದು ಮಾತ್ರ ಮನೆಯಲ್ಲಿ ಬಗೆಹರಿಯದ ಮಾತು. ಅಪ್ಪ ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಅಮ್ಮನ ವಿಷಯ ಕೇಳಬೇಡಿ. ನಾನು ಅಂಬೆಗಾಲಿಡುವಾಗಲೇ ಅವಳು ಜ್ವರದಲ್ಲಿ ಹೋದಳು. ಅವಳದೊಂದು ಫೋಟೋ ಕೂಡ ಮನೆಯಲ್ಲಿಲ್ಲ.

ಮುಖ ಬರೆದೇ ಹೊಟ್ಟೆ ಹೊರೆದವನ ಮನೆಯಲ್ಲಿ ಈ ಗತಿ. ಊರಿನ ಅತಿ ದೊಡ್ಡ ಚಿತ್ರಮಂದಿರದ ಹಣೆಯ ಮೇಲೆ ನಿಲ್ಲುತ್ತಿದ್ದ ಬೋರ್ಡುಗಳೆಲ್ಲ ಅಪ್ಪನ ಕೈಯವು. ನಾಯಕಿಯ ಒಂದು ಕಣ್ಣು ನಮ್ಮ ಮನೆಯ ಬಾಗಿಲಿಗಿಂತ ಅಗಲ ಇರುತ್ತಿತ್ತು. ಸಂಜೆ ಸುತ್ತಲಿನ ಬಲ್ಬುಗಳು ಒಂದರ ಹಿಂದೊಂದು ಓಡತೊಡಗಿದರೆ, ಕೆಲಸ ಬಿಟ್ಟು ಮನೆಗೆ ಹೊರಟವರು ಅಲ್ಲೇ ನಿಂತುಬಿಡುತ್ತಿದ್ದರು. ಚಿಕ್ಕವಳಾಗಿದ್ದಾಗ ನಾನೂ ಹಾಗೇ ಕತ್ತೆತ್ತಿ ನಿಲ್ಲುತ್ತಿದ್ದೆ. ಅಷ್ಟು ದೊಡ್ಡ ಮುಖವನ್ನು ನಮ್ಮ ಮನೆಯ ಪುಟ್ಟ ಅಪ್ಪ ಬರೆದಿದ್ದಾನೆ ಎಂದರೆ ನಂಬಲು ಇವತ್ತಿಗೂ ಕಷ್ಟ.

ಅಮ್ಮನನ್ನೂ ಅಪ್ಪ ಒಮ್ಮೆ ಬರೆದಿದ್ದನಂತೆ. ಸಿನಿಮಾ ಬಿಡುಗಡೆ ಹತ್ತಿರ ಬಂದರೂ ನಾಯಕಿಯ ಫೋಟೋ ಬಂದಿರಲಿಲ್ಲ. ಮಾಲೀಕರು ಕುತ್ತಿಗೆಯ ಮೇಲೆ ಕೂತಿದ್ದರು. ಅಪ್ಪ ಬೇರೆ ದಾರಿ ಕಾಣದೆ ಅಮ್ಮನನ್ನು ಚಿತ್ರಮಂದಿರದ ಹಿಂದಿನ ಶೆಡ್ಡಿಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಅವಳನ್ನೇ ನೋಡಿಕೊಂಡು ಬರೆದುಬಿಟ್ಟ. ಆ ಸಿನಿಮಾ ಓಡಿದಷ್ಟು ದಿನ ನಮ್ಮಮ್ಮ ಇಡೀ ಊರಿಗೆ ಕಾಣುವಂತೆ ಮೇಲೆ ನಿಂತಿದ್ದಳು. ಆಮೇಲೆ ಎಂದಿನಂತೆ ಬೋರ್ಡು ಕೆಳಗಿಳಿಯಿತು. ಹಲಗೆಗಳಿಗೆ ಬಿಳಿ ಬಳಿದು ಅವುಗಳ ಮೇಲೇ ಮುಂದಿನ ಸಿನಿಮಾ ಬರೆಯುವುದು ರೂಢಿ. ಬಿಳಿ ಬಳಿಯುವುದು ಅಮ್ಮನ ಕೆಲಸ. ಅಂದರೆ ತನ್ನ ಮುಖಕ್ಕೆ ತಾನೇ ಬಿಳಿ ಬಳಿಯಬೇಕಾಯಿತು.

ಅವಳು ತೀರಿಕೊಂಡ ಮೇಲೆ ಅವಳ ಮುಖ ಬರೆಯಲು ಅಪ್ಪ ಎಷ್ಟು ಸಲ ಕೂತನೋ ಲೆಕ್ಕವಿಲ್ಲ. ಪ್ರತಿ ಸಲವೂ ಯಾವುದೋ ನಟಿಯ ಮುಖ ಮೂಡುತ್ತಿತ್ತು. "ಫೋಟೋ ಇಲ್ದೆ ನನ್ನ ಕೈ ಓಡಲ್ಲ ಮಗಳೇ" ಎನ್ನುತ್ತಿದ್ದ. ಈಚೆಗೆ ವಯಸ್ಸಾದ ಮೇಲೆ ಇನ್ನೊಂದು ಶುರುವಾಗಿತ್ತು. ಅಮ್ಮನ ಹುಬ್ಬು ಹೇಗಿತ್ತು ಎಂದು ನನ್ನನ್ನೇ ಕೇಳುತ್ತಿದ್ದ. ನಾನು ಸಿಡುಕಿ ಎದ್ದು ಹೋಗುತ್ತಿದ್ದೆ. ನನಗೂ ಅದೇ ಬೇಕಿತ್ತು, ಎಲ್ಲಿಂದ ತಂದುಕೊಡಲಿ?

ಅಮ್ಮ ನಮ್ಮಲ್ಲಿ ಉಳಿದಿದ್ದು ಒಂದು ತಮಾಷೆಯಾಗಿ. ಟಿಕೆಟ್ ಕಿಟಕಿಯಲ್ಲಿ ಕೂತು ನರೆತ ಅತ್ತೆ, ಅಂದರೆ ಅಪ್ಪನ ಅಕ್ಕ, ಯಾರು ಸಿಕ್ಕರೂ ಅದನ್ನು ಹೇಳದೆ ಬಿಡಳು. ಯಾವ ಹಲಗೆ ಎಲ್ಲಿ ಕೂರಬೇಕೆಂದು ಅಪ್ಪ ಪ್ರತಿಯೊಂದರ ಬೆನ್ನಿಗೂ ನಂಬರು ಬರೆದಿರುತ್ತಿದ್ದ. ಬೋರ್ಡು ಕಟ್ಟುವವರು ಬೋರ್ಡಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಂತು ಕಟ್ಟುತ್ತಿದ್ದರು. ಅವರಿಗೆ ಕಾಣುತ್ತಿದ್ದುದು ಬೆನ್ನು ಮಾತ್ರ. ಅಮ್ಮನ ಬೋರ್ಡು ಇಳಿದ ಮೇಲೆ ಬಂದ ಸಿನಿಮಾಕ್ಕೆ ನೋಡಿದರೆ ಒಂದೇ ಒಂದು ನಂಬರಿಲ್ಲ, ಎಲ್ಲದರ ಮೇಲೂ ಅಮ್ಮ ಬಿಳಿ ಬಳಿದಿದ್ದಳು. ಹೇಗೋ ಹೊಂದಿಸಿಕೊಂಡು ಕಟ್ಟಿದೆವು ಎಂದರಂತೆ ಅವರು. ಬೆಳಗಾಗಿ ನೋಡಿದರೆ ನಾಯಕಿಯ ಹಣೆಯ ಮೇಲೆ ಬಾಯಿ, ಕಿವಿಯಿರಬೇಕಾದಲ್ಲಿ ನಾಯಕನ ಮೀಸೆ!

ಊರಿಗೆ ಊರೇ ನೋಡಲು ಬಂತು. ಬಂದವರು ಟಿಕೆಟ್ಟನ್ನೂ ಕೊಂಡರು. ಇದಕ್ಕಿಂತ ಒಳ್ಳೆಯ ಜಾಹೀರಾತು ಉಂಟೆ ಎಂದು ಮಾಲೀಕರು ಹಿಗ್ಗಿ, ಒಂದು ಹಲಗೆಯನ್ನೂ ಅಲುಗಾಡಿಸಬೇಡಿ ಎಂದರು. ಇದು ಅದೃಷ್ಟದ ಬೋರ್ಡು, ಇನ್ನು ಮುಂದೆ ಇದನ್ನು ಇಳಿಸುವುದೇ ಬೇಡ, ಅಟ್ಟಣಿಗೆ ಕಟ್ಟಿ ಮೇಲೇ ಬರಿ ಎಂದು ಅಪ್ಪನಿಗೆ ಹೇಳಿದರು. ಅಪ್ಪನಿಗೆ ಮಾತ್ರ ನಾಚಿಕೆಯಿಂದ ಭೂಮಿಗಿಳಿದುಹೋದಂತಾಗಿತ್ತು. ಎರಡೂ ಕಡೆ ಬಿಳಿ ಬಳಿದುಬಿಟ್ಟಿದ್ದೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ ಎಂದು ಜನರೆದುರೇ ಅಮ್ಮನನ್ನು ಬೈದ. ಅವನು ಅವಳನ್ನು ಬೈದಿದ್ದು ಅದೊಂದೇ ಸಲವಂತೆ. "ತಪ್ಪಾಯ್ತು" ಎಂದಷ್ಟೇ ಹೇಳಿ ಅವಳು ಒಳಗೆ ಹೋದಳಂತೆ.

ಕಾಲ ಹೋಯಿತು. ಬರೆಯುವುದು ನಿಂತು ಆ ಹಲಗೆಗಳ ಮೇಲೆ ಫ್ಲೆಕ್ಸ್ ಬಂತು. ಅದನ್ನು ಅಚ್ಚು ಹಾಕುವ ಅಂಗಡಿಯಲ್ಲೇ ನಾನು ಕೆಲಸಕ್ಕೆ ಸೇರಿದೆ, ಅಪ್ಪ ತಿಂಗಳುಗಟ್ಟಲೆ ನನ್ನ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. ಕೊನೆಗೆ ಚಿತ್ರಮಂದಿರಕ್ಕೇ ಬೀಗ ಬಿತ್ತು, ಕೆಡವುತ್ತಾರೆ ಎಂಬ ಸುದ್ದಿ ಬಂತು. ಒಂದು ಸಲ ನೋಡಬೇಕೆಂದು ಅಪ್ಪ ಹಟ ಹಿಡಿದ. ಅವನನ್ನೂ ಅತ್ತೆಯನ್ನೂ ಕರೆದುಕೊಂಡು ಹೋದೆ.

ಒಳಗೆ ಚಾವಣಿ ಅರ್ಧ ಹೋಗಿತ್ತು. ಯಾವತ್ತೂ ಕತ್ತಲಲ್ಲೇ ಕಂಡಿದ್ದ ಸಭಾಂಗಣದೊಳಗೆ ಹಾಡುಹಗಲಿನ ಬಿಸಿಲು ಬಿದ್ದಿತ್ತು. ಗೋಡೆಯ ಉದ್ದಕ್ಕೂ ಗಾರೆಯಲ್ಲಿ ಮಾಡಿದ ಬಳ್ಳಿಗಳು, ಹೂಗಳು, ಪರದೆಯ ಎರಡೂ ಬದಿಗೆ ರೆಕ್ಕೆ ಬಿಚ್ಚಿದ ಹಕ್ಕಿಗಳು. ಅವುಗಳ ಕಣ್ಣಿಗೂ ಚಿನ್ನದ ಬಣ್ಣ ಹಚ್ಚಿದ್ದರು. ದೀಪ ಆರಿದ ಮೇಲೆ ಯಾರ ಕಣ್ಣಿಗೂ ಬೀಳದ ಹಕ್ಕಿಗಳಿಗೆ ಇಷ್ಟು ಕೆಲಸ ಯಾಕೆ ಮಾಡಿದರೋ! ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅಪ್ಪ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದ.

ಹೊರಗೆ ಕೆಡವುವ ಗುತ್ತಿಗೆದಾರ ಫ್ಲೆಕ್ಸ್ ಹರಿದು ಹಾಕಿಸಿ, ಹಲಗೆಗಳನ್ನು ಗರಗಸದಲ್ಲಿ ಕೊಯ್ದು ಬೀಳಿಸಲು ಆಳುಗಳನ್ನು ಹತ್ತಿಸುತ್ತಿದ್ದ. ಅತ್ತೆ ಬಿಡುತ್ತಾಳೆಯೇ? ಅವನನ್ನೂ ಹಿಡಿದು ನಿಲ್ಲಿಸಿ ನಂಬರಿನ ಕಥೆ ಶುರುಮಾಡಿದಳು. ನಡುವೆ ಅಪ್ಪ ಎಂದಿನಂತೆ ಅಮ್ಮನ ಪರ ವಹಿಸಿದ. ಪಾಪ, ಒಂದು ಹನಿ ಬಣ್ಣ ದಂಡ ಮಾಡಿದವಳಲ್ಲ, ಮಾಲೀಕರು ಕೊಡುತ್ತಿದ್ದುದೇ ಹಲಗೆಯ ಒಂದು ಮೈಗೆ ಸಾಲುವಷ್ಟು, ಅದರಲ್ಲೇ ಮುಗಿಸುತ್ತಿದ್ದಳು ಎಂದ.

ಬಣ್ಣ ಒಂದು ಮೈಗೆ ಸಾಲುವಷ್ಟೇ ಇದ್ದರೆ ಎರಡೂ ಕಡೆ ಬಳಿದದ್ದು ಹೇಗೆ? ಅವಳು ಬಳಿದದ್ದು ನಂಬರಿದ್ದ ಬೆನ್ನಿಗೆ ಮಾತ್ರ. ಮುಖವಿದ್ದ ಕಡೆ ಅವಳು ಕುಂಚ ಮುಟ್ಟಿಸಿಯೇ ಇಲ್ಲ. ಬಿಳಿ ಮೈ ಹೊರಗೆ ಮಾಡಿ ಅವಳು ಒರಗಿಸಿಟ್ಟ ಹಲಗೆಗಳನ್ನು ಅಪ್ಪ ತಿರುಗಿಸಿಯೂ ನೋಡದೆ ಅವುಗಳ ಮೇಲೇ ಬರೆದಿರಬೇಕು. ಇಷ್ಟು ವರ್ಷ ಆ ಕಥೆಗೆ ನಕ್ಕ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಗರಗಸ ನಿಲ್ಲಿಸಿ ಎಂದು ಕಿರುಚಿದೆ. ಚೌಕಟ್ಟಿನ ಸಮೇತ ಕ್ರೇನಿನಲ್ಲಿ ಇಳಿಸಿ ಎಂದೆ. ಗುತ್ತಿಗೆದಾರ ನಕ್ಕ, ಹಳೇ ಹಲಗೆಗೆ ಕ್ರೇನ್ ಯಾಕಕ್ಕಾ ಎಂದ. ನಾನು ಹೋಗಿ ಬೋರ್ಡಿನ ನೇರ ಕೆಳಗೆ ಮೆಟ್ಟಿಲ ಮೇಲೆ ಕೂತೆ.

"ಬೀಳ್ಸೋದಾದ್ರೆ ನನ್ನ ಮೇಲೇ ಬೀಳ್ಸಿ. ನಮ್ಮಮ್ಮ ಇದಾಳೆ ಅಲ್ಲಿ."

ಅವನು ಅಪ್ಪನ ಕಡೆ ನೋಡಿದ, ಅತ್ತೆಯ ಕಡೆ ನೋಡಿದ, ತಲೆ ಚಚ್ಚಿಕೊಂಡು ಕ್ರೇನಿನವನಿಗೆ ಕೈ ಮಾಡಿದ.

ಬೋರ್ಡನ್ನು ರಸ್ತೆಯಾಚೆಯಿಂದ ನೋಡಬೇಕು, ಹತ್ತಿರದಿಂದ ಕಾಣುವುದು ಬರೀ ಬಣ್ಣ ಎಂದು ಅಪ್ಪನೇ ಹೇಳಿಕೊಟ್ಟಿದ್ದ. ಮೂವರೂ ಆಚೆ ಹೋಗಿ ನಿಂತೆವು. ಒಂದು ಕಣ್ಣೋ ಗಲ್ಲವೋ ಅಲ್ಲೊಂದು ಇಲ್ಲೊಂದು ಚೂರು ಕಂಡರೆ ಸಾಕು ಎಂದುಕೊಂಡಿದ್ದೆ. ಚೌಕಟ್ಟು ಗೋಡೆ ಬಿಟ್ಟು ಎದ್ದು, ಹಗ್ಗದ ಮೇಲೆ ಮೆಲ್ಲಗೆ ತಿರುಗಿತು.

ಚೂರಲ್ಲ. ಇಡೀ ಮುಖ. ಒಂದು ಹಲಗೆಯೂ ತಪ್ಪಿರಲಿಲ್ಲ. ಮೂಗಿನ ನೇರಕ್ಕೆ ಮೂಗು, ತುಟಿಯ ನೇರಕ್ಕೆ ತುಟಿ, ಗೋಡೆಯ ಮರೆಯಲ್ಲಿ ಬಿಸಿಲು ಮಳೆ ಕಾಣದೆ ನಿನ್ನೆ ಬರೆದಷ್ಟು ಹೊಸದಾಗಿತ್ತು. ಬೋರ್ಡು ಕಟ್ಟುವವರು ಹೊಂದಿಸಿದೆವು ಎಂದದ್ದು ಏನನ್ನೆಂದು ಆಗ ಅರ್ಥವಾಯಿತು. ನಂಬರಿಲ್ಲದೆ, ಕಣ್ಣೆದುರು ಕಂಡ ಅಮ್ಮನ ಮುಖವನ್ನೇ ಅವರು ಸರಿಯಾಗಿ ಜೋಡಿಸಿದ್ದರು. ಹಿಂದೆ ಅವಳು ಸರಿಯಾಗಿದ್ದುದಕ್ಕೇ ಮುಂದೆ ನಾಯಕಿ ಕೆಟ್ಟಿದ್ದಳು.

ರಸ್ತೆಯಲ್ಲಿ ಬಸ್ಸುಗಳು ನಿಂತವು. ಜನ ಕತ್ತೆತ್ತಿದರು. ಮೂರಂತಸ್ತಿನೆತ್ತರದ ನಮ್ಮಮ್ಮ ಆಕಾಶದಲ್ಲಿ ನಿಂತು, ಹುಬ್ಬು ಗಂಟಿಕ್ಕಿ, ಇಡೀ ಊರನ್ನು ದುರುಗುಟ್ಟಿ ನೋಡುತ್ತಿದ್ದಳು. ಅತ್ತೆ ಒಮ್ಮೆ ಅವಳನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ನಾನು ಅಳುತ್ತಿದ್ದೆ, ಅಳುತ್ತಲೇ ನಗುತ್ತಿದ್ದೆ.

"ಸ್ಟೂಲ್ ಮೇಲೆ ಕೂತ್ಕೊಂಡು, ಒಲೆ ಮೇಲೆ ಹಾಲಿಟ್ಟು ಬಂದಿದೀನಿ, ಬೇಗ ಮುಗ್ಸಿ ಅಂತಿದ್ಳು," ಎಂದ ಅಪ್ಪ. "ನಾನು ಅವಳನ್ನ ಬೈದ್ಬಿಟ್ಟೆ."

ಆಮೇಲೆ ಕಣ್ಣೊರೆಸಿಕೊಂಡು ನನ್ನ ಕೈಯಲ್ಲಿದ್ದ ಫೋನನ್ನು ನೋಡಿದ.

"ಫೋಟೋ ತೆಗಿ ಮಗಳೇ."

ತೆಗೆಯಲು ಹೋದರೆ ಹಣೆ ಬಂದರೆ ಗಲ್ಲ ಬರದು, ಗಲ್ಲ ಬಂದರೆ ಹಣೆ ಬರದು. ಅಪ್ಪ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದ. ಅವನ ಬಲಗೈ ಬೆರಳುಗಳು ಆಗಲೇ ಗಾಳಿಯಲ್ಲಿ ಹುಬ್ಬು ತಿದ್ದುತ್ತಿದ್ದವು.

"ಇನ್ನೂ ಹಿಂದೆ ಹೋಗು. ಪೂರ್ತಿ ಬರ್ಲಿ ಅವಳು."